ಕಲ್ಲು ಎಲ್ಲರದು, ಓದು ಯಾರದು?

ಊರೂರಲ್ಲಿ ಆಸಕ್ತರು ಸೇರಿ ಶಾಸನಗಳ ಡಿಜಿಟಲ್ ಸಂಗ್ರಹ ಮಾಡ್ತಿರೋದು ಸಂತೋಷದ ವಿಷಯ. ಆದರೆ ಹಕ್ಕಿನ ಮಾತು ಎತ್ತಿದರೆ ಒಂದೇ ಉತ್ತರ ಕೇಳಿಬರುತ್ತೆ: "ಸಾವಿರ ವರ್ಷದ ಕಲ್ಲಿಗೆ ಎಂಥಾ ಕಾಪಿರೈಟ್ ಸ್ವಾಮಿ?" ಕಲ್ಲಿನ ಮಟ್ಟಿಗೆ ಈ ಮಾತು ಸರಿ. ಹಲ್ಮಿಡಿ ಶಾಸನಕ್ಕೆ ಕೃತಿಸ್ವಾಮ್ಯ ಯಾರದೂ ಇಲ್ಲ. ಆದರೆ ಸಂಗ್ರಹಕ್ಕೆ ಸೇರುವುದು ಕಲ್ಲಲ್ಲ. ಯಾರೋ ತೆಗೆದ ಫೋಟೊ, ಯಾರೋ ಓದಿದ ಪಾಠ, ಯಾರೋ ಬರೆದ ಪೀಠಿಕೆ.

ಫೋಟೊ ವಿಷಯ ಸರಳ. ತೆಗೆದವರು ಬದುಕಿರುವ ತನಕ ಮತ್ತು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ, ಕೇಳಿ ಹಾಕಿ, ಅಷ್ಟೇ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಮಾತ್ರ ಅನೇಕರು ಎಡವುತ್ತಾರೆ. ಬಿ.ಎಲ್. ರೈಸ್ ತೀರಿಕೊಂಡಿದ್ದು 1927ರಲ್ಲಿ. ಅವರ ಸಂಪುಟಗಳ ಹಕ್ಕಿನ ಅವಧಿ ಯಾವ ಲೆಕ್ಕದಲ್ಲೂ ಮುಗಿದಿದೆ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ತಂದ ಪರಿಷ್ಕೃತ ಸಂಪುಟಗಳು ಬೇರೆಯೇ. ಹೆಸರು ಒಂದೇ ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬುವ ಹಾಗಿಲ್ಲ.

ನಿಜವಾದ ತೊಡಕು ಇರುವುದು ಪಾಠದಲ್ಲಿ. ಸವೆದ ಸಾಲನ್ನು ಓದಿ ತುಂಬಿಸಿದವರಿಗೆ ಆ ಅಕ್ಷರಗಳ ಮೇಲೆ ಹಕ್ಕುಂಟೆ? ಇಸ್ರೇಲಿನಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯಿತು. ಮೃತ ಸಮುದ್ರದ ಸುರುಳಿಗಳಲ್ಲಿ ಒಂದು ಪಠ್ಯದ ಚೂರುಗಳನ್ನು ಜೋಡಿಸಿ, ಖಾಲಿ ಜಾಗ ತುಂಬಿ, 121 ಸಾಲು ಸಿದ್ಧಪಡಿಸಿದವರು ಎಲಿಷಾ ಕಿಮ್ರೋನ್. ಅದನ್ನು ಹರ್ಷಲ್ ಶಾಂಕ್ಸ್ 1991ರಲ್ಲಿ ಅವರ ಹೆಸರಿಲ್ಲದೆ ಅಚ್ಚು ಹಾಕಿದರು. 2000ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹಕ್ಕು ಕಿಮ್ರೋನ್‌ರದೇ ಎಂದಿತು.

ಹೆಸರು ಬಿಟ್ಟದ್ದು ಅನ್ಯಾಯ, ಅನುಮಾನವೇ ಇಲ್ಲ. ಆದರೆ ತೀರ್ಪಿನ ತರ್ಕ ನನಗೆ ಒಪ್ಪಿಗೆಯಾಗಲ್ಲ. ಶಾಸನತಜ್ಞ ಹೇಳುವುದು "ಇದು ನಾನು ಬರೆದದ್ದು" ಅಂತ ಅಲ್ಲ, "ಇದು ಅಂದು ಬರೆದವನು ಬರೆದದ್ದು" ಅಂತ. ಊಹೆ ನಿಜವಾದರೆ ಆ ಅಕ್ಷರ ಹಳೆಯ ಲಿಪಿಕಾರನದು. ತಪ್ಪಾದರೆ ಮಾತ್ರ ಸಂಪಾದಕನ ಸ್ವಂತದ್ದು! ಅಂಥ ಹಕ್ಕು ಯಾವ ವಿದ್ವಾಂಸನಿಗೆ ಬೇಕು ಹೇಳಿ?

ನಮ್ಮ ಸುಪ್ರೀಂ ಕೋರ್ಟು ಈಸ್ಟರ್ನ್ ಬುಕ್ ಕಂಪನಿ ಮೊಕದ್ದಮೆಯಲ್ಲಿ ಬರೀ ದುಡಿಮೆ ಸಾಲದು, ಕೌಶಲ, ವಿವೇಚನೆ, ಸ್ವಲ್ಪವಾದರೂ ಸೃಜನಶೀಲತೆ ಬೇಕು ಎಂದಿದೆ. ಅದು ತೀರ್ಪುಗಳ ಸಂಪಾದನೆ ಕುರಿತದ್ದು, ಶಾಸನದ್ದಲ್ಲ. ಆದರೂ ನಾನು ಅದನ್ನು ಓದಿಕೊಳ್ಳುವುದು ಹೀಗೆ: ಸ್ಪಷ್ಟವಾಗಿ ಕಾಣುವ ಅಕ್ಷರಗಳನ್ನು ನಕಲು ಮಾಡಿದ್ದಕ್ಕೆ ಹಕ್ಕಿಲ್ಲ, ಪೀಠಿಕೆ, ಅನುವಾದ, ಟಿಪ್ಪಣಿಗೆ ಖಂಡಿತ ಇದೆ, ತುಂಬಿಸಿದ ಅಕ್ಷರಗಳದು ನಡುವಿನ ಸ್ಥಿತಿ.

ಆ ನಡುವಿನ ಜಾಗವನ್ನು ಸಂಪಾದಕರು ಚೌಕ ಆವರಣ ಹಾಕಿ ತೋರಿಸಿರುತ್ತಾರೆ: ಸ್ವಸ್ತಿ ಶ್ರೀ[ಮತು]. ನಮ್ಮ ಸಂಗ್ರಹಗಳ ಮೇಲೆ ನನ್ನ ದೊಡ್ಡ ತಕರಾರು ಇಲ್ಲೇ ಇರೋದು. ಟೈಪ್ ಮಾಡುವಾಗ "ಓದೋಕೆ ಅಡ್ಡ" ಅಂತ ಆವರಣ ಕಿತ್ತು ಹಾಕ್ತಾರೆ. ಕಿತ್ತ ಕೂಡಲೇ ಊಹೆಯೇ ಶಾಸನವಾಗಿಬಿಡುತ್ತೆ, ಓದಿದವರ ಗುರುತೂ ಹೋಗುತ್ತೆ. ಆಮೇಲೆ ಅದೇ ಪಾಠದ ಮೇಲೆ ಗುಂಪಿನ ವಾಟರ್‌ಮಾರ್ಕ್ ಬೇರೆ! ಕಲ್ಲು ಎಲ್ಲರದು ಅಂದವರೇ ಇದನ್ನೂ ಮಾಡ್ತಾರೆ ನೋಡಿ.

ಕಾನೂನಿನ 57ನೇ ಕಲಂ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳುವ ಹಕ್ಕು ಲೇಖಕನಲ್ಲೇ ಉಳಿಯುತ್ತೆ. ಹಾಗಾಗಿ ಪ್ರತಿ ದಾಖಲೆಯಲ್ಲೂ ಓದಿದವರು, ಸಂಪುಟ, ವರ್ಷ, ಫೋಟೊ ತೆಗೆದವರು ಇವಕ್ಕೆ ಪ್ರತ್ಯೇಕ ಜಾಗ ಇರಲಿ. ಹೊಸ ಸಂಪುಟದ ಅನುವಾದ ಬೇಕಿದ್ದರೆ ಪ್ರಕಾಶಕರಿಗೆ ಪತ್ರ ಬರೆಯಿರಿ. ಉತ್ತರ ಬರುವ ತನಕ ಪುಟಸಂಖ್ಯೆ ಮಾತ್ರ ಕೊಡಿ. ಆವರಣಗಳನ್ನಂತೂ ಮುಟ್ಟಬೇಡಿ.