‘ತೆಲುಗು ದೋಷ’ವೆಂಬ ಅಪವಾದ: ಒಂದು ಪರಿಶೀಲನೆ

2018ರ ಫೆಬ್ರವರಿಯಲ್ಲಿ, ತೆಲುಗಿನ ‘ಜ್ಞಾ’ ಎಂಬ ಒಂದು ಅಕ್ಷರ ಐಫೋನುಗಳನ್ನು ಕೆಡಿಸುತ್ತಿದೆಯೆಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಆ ಅಕ್ಷರವುಳ್ಳ ಸಂದೇಶವನ್ನು ತೋರಿಸಹೊರಟ ತಂತ್ರಾಂಶ ಒಡನೆಯೇ ಕುಸಿಯುತ್ತಿತ್ತು. ಅದಕ್ಕೆ ‘ತೆಲುಗು ದೋಷ’ವೆಂಬ ಹೆಸರು ಬಿದ್ದಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಅಪರೂಪವಲ್ಲದ ಬಳ್ಳಾರಿ, ಸಿರುಗುಪ್ಪಗಳಲ್ಲಿ ಗಣಕಶಾಸ್ತ್ರವನ್ನು ಬೋಧಿಸುವವರು ಈ ಹೆಸರನ್ನು ಪರೀಕ್ಷಿಸದೆ ಅಂಗೀಕರಿಸುವುದು ಉಚಿತವಲ್ಲ.

ಮೊದಲು ವಸ್ತುಸ್ಥಿತಿ. ಕಣ್ಣಿಗೆ ಒಂದೇ ಅಕ್ಷರವಾಗಿ ತೋರುವ ಇದು ಯೂನಿಕೋಡಿನಲ್ಲಿ ಐದು ಸಂಕೇತಗಳ ಸಾಲು: ಜ, ವಿರಾಮ, ಞ, ಅಗಲವಿಲ್ಲದ ಒಂದು ಬೇರ್ಪಡಿಕೆಯ ಗುರುತು, ಕೊನೆಗೆ ಆಕಾರದ ಚಿಹ್ನೆ. ‘ಜ್ಞಾನ’ವೆಂದು ಸಹಜವಾಗಿ ಬರೆಯುವಾಗ ಆ ನಾಲ್ಕನೆಯ ಗುರುತು ಬರುವುದೇ ಇಲ್ಲ. ಹಾಗೆಂದು ಅದು ಅಕ್ರಮವಾದುದೂ ಅಲ್ಲ. ‘ರಾಜ್‌ಕುಮಾರ್’ ಎಂದು ಒತ್ತಕ್ಷರವಿಲ್ಲದೆ ಬರೆಯುವ ಕನ್ನಡಿಗನು ಅದನ್ನು ತಿಳಿದೋ ತಿಳಿಯದೆಯೋ ನಿತ್ಯವೂ ಬಳಸುತ್ತಾನೆ. ಬಂಗಾಳಿ, ದೇವನಾಗರಿಗಳ ಕೆಲವು ಸಾಲುಗಳಿಂದಲೂ ಇದೇ ಕುಸಿತ ಉಂಟಾಗುವುದೆಂದು ಶೀಘ್ರವೇ ತಿಳಿದುಬಂದಿತು. ಅಪವಾದ ಇಲ್ಲಿಗೇ ಸಡಿಲವಾಗುತ್ತದೆ.

ಆಪಲ್ ಸಂಸ್ಥೆ ಅದೇ ತಿಂಗಳ 19ರಂದು ಐಓಎಸ್ 11.2.6ನ್ನು ಹೊರಡಿಸಿತು. ಅಕ್ಷರಗಳನ್ನು ಜೋಡಿಸುವ ‘ಕೋರ್ ಟೆಕ್ಸ್ಟ್’ ಭಾಗದಲ್ಲಿ ಸ್ಮೃತಿಕೋಶ ಕೆಡುತ್ತಿತ್ತೆಂದೂ, ಒಳಬರುವ ಪಠ್ಯದ ತಪಾಸಣೆಯನ್ನು ಉತ್ತಮಪಡಿಸಿ ಅದನ್ನು ಸರಿಪಡಿಸಲಾಯಿತೆಂದೂ ಅದರ ಪ್ರಕಟಣೆ ಹೇಳುತ್ತದೆ. ಸ್ಮೃತಿಕೋಶ ಕೆಡುವುದೆಂದರೇನು? ಸಿರುಗುಪ್ಪ, ಕುರುಗೋಡುಗಳ ಕಡೆ ತುಂಗಭದ್ರೆಯ ನೀರುಣ್ಣುವ ಗದ್ದೆಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬದುವಿನ ಅಳತೆಯರಿಯದೆ ನೀರು ಬಿಟ್ಟರೆ ಅದು ಪಕ್ಕದವನ ಮಡಿಗೆ ನುಗ್ಗುತ್ತದೆ. ಹಾನಿ ಕಾಣುವುದು ಅಲ್ಲಿ, ತಪ್ಪು ನಡೆದದ್ದು ಇಲ್ಲಿ. ಡೆನ್ನಿಸ್ ರಿಚಿ 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯಾಗಲಿ, ಅದರಿಂದ ಬೆಳೆದ ಸಿ ಪ್ಲಸ್ ಪ್ಲಸ್ ಆಗಲಿ ಈ ಬದುವನ್ನು ತಾನಾಗಿ ಕಾಯುವುದಿಲ್ಲ. ಯಂತ್ರಕ್ಕೆ ಸಮೀಪವಾಗಿ, ವೇಗವಾಗಿ ನಡೆಯಬೇಕೆಂಬ ಹಂಬಲಕ್ಕೆ ತೆತ್ತ ಬೆಲೆ ಅದು.

ಬರೆಯುವವನು ಜಾಗರೂಕನಾಗಿದ್ದರೆ ಸಾಕು ಎಂಬ ವಾದವೊಂದುಂಟು. ಅದನ್ನು ನಾನು ಒಪ್ಪಲಾರೆ. ತನ್ನ ತಂತ್ರಾಂಶಗಳ ಸುರಕ್ಷತೆಯ ದೋಷಗಳಲ್ಲಿ ಸುಮಾರು ಶೇಕಡ 70ರಷ್ಟು ಈ ಜಾತಿಯವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ 2019ರಲ್ಲಿ ತಿಳಿಸಿತು; ಅಲ್ಲಿನವರೆಲ್ಲ ಅಜಾಗರೂಕರೆನ್ನುವ ಧೈರ್ಯ ಯಾರಿಗಿದೆ? ಒಳಬರುವ ಪಠ್ಯವನ್ನು ತಪಾಸಣೆ ಮಾಡುವುದು ಒಡೆದ ಒಂದು ಗಂಡಿಯನ್ನು ಮುಚ್ಚಿದಂತೆ. ಉಳಿದ ಬದು ಮೊದಲಿನಂತೆಯೇ ಇರುತ್ತದೆ. 2015ರಲ್ಲಿ ಸ್ಥಿರರೂಪಕ್ಕೆ ಬಂದ ರಸ್ಟ್ ಭಾಷೆ ಈ ಕಾವಲನ್ನು ಬರೆಯುವವನ ನೆನಪಿಗೆ ಬಿಡದೆ ಬಹುಮಟ್ಟಿಗೆ ತಾನೇ ವಹಿಸಿಕೊಳ್ಳುತ್ತದೆ. ಬಹುಮಟ್ಟಿಗೆ ಎಂದೆ; ಕಾವಲನ್ನು ಸಡಿಲಿಸಿ ಬರೆಯುವ ‘ಅನ್‌ಸೇಫ್’ ಭಾಗಗಳು ಅದರಲ್ಲಿಯೂ ಉಂಟು. ಆದರೂ ದಾರಿ ಅತ್ತಲೇ ಹೊರಳಿದೆ. ಜಾಲತಾಣಗಳಿಂದ ಬರುವ ಅಪರಿಚಿತ ಅಕ್ಷರವಿನ್ಯಾಸಗಳನ್ನು ಓದಲು ಕ್ರೋಮ್ ಈಗ ಹಳೆಯ ‘ಫ್ರೀಟೈಪ್’ನ ಬದಲು ರಸ್ಟಿನಲ್ಲಿ ರಚಿತವಾದ ‘ಸ್ಕ್ರಿಫಾ’ವನ್ನು ಬಳಸುತ್ತಿದೆಯೆಂದು ಗೂಗಲ್ 2025ರಲ್ಲಿ ಪ್ರಕಟಿಸಿತು.

ಸಿ ಭಾಷೆಯ ಪಾಠವನ್ನೇ ಕೈಬಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಆ ಪಾಠವನ್ನು ಆರಂಭಿಸುವ ಅಧ್ಯಾಪಕರು ಈ ಐದು ಸಂಕೇತಗಳನ್ನು ಹಲಗೆಯ ಮೇಲೆ ಬರೆದು, ತಪ್ಪು ಯಾವುದರದೆಂದು ವಿದ್ಯಾರ್ಥಿಗಳನ್ನೇ ಕೇಳಬಹುದು.