ಬಾಲಕರ ಭೌತಶಾಸ್ತ್ರದಲ್ಲಿ ಕನ್ನಡದ ಮಾತು

ಕಾವ್ಯನಾಟಕಗಳ ಗುಣದೋಷಗಳನ್ನು ವಿಚಾರಿಸುವ ವಿಮರ್ಶಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ನಾಡಿನ ಮಕ್ಕಳೆಲ್ಲರೂ ಓದಲೇಬೇಕಾದ ಶಾಸ್ತ್ರಪಾಠಗಳ ಭಾಷೆಯನ್ನು ವಿಮರ್ಶೆಗೆ ಯೋಗ್ಯವೆಂದು ಬಗೆದವರು ವಿರಳ. ಭಾವಗೀತೆಯಲ್ಲಿ ಶಬ್ದವೊಂದು ಎಡವಿದರೆ ರಸಭಂಗವಾದೀತು. ಶಾಸ್ತ್ರಪಾಠದಲ್ಲಿ ಎಡವಿದರೆ ಬಾಲಕನ ಬುದ್ಧಿಯೇ ಅಡ್ಡದಾರಿ ಹಿಡಿಯುವುದು. ಆದುದರಿಂದ ಬಲ, ಘರ್ಷಣೆ, ಚಲನೆ ಎಂಬ ವಿಷಯಗಳನ್ನು ನಮ್ಮ ಶಾಲಾಪುಸ್ತಕಗಳು ಕನ್ನಡದಲ್ಲಿ ಹೇಗೆ ಹೇಳುತ್ತವೆಯೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇನೆ. ನಾನು ಭೌತಶಾಸ್ತ್ರಜ್ಞನಲ್ಲ; ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿ, ಭಾಷೆಯನ್ನು ಕಲಿಸಿ ನಿವೃತ್ತನಾದವನು. ಶಬ್ದದ ವಿಚಾರದಲ್ಲಿ ಮಾತ್ರ ನನಗೆ ಅಧಿಕಾರವುಂಟು.

ಎನ್.ಸಿ.ಇ.ಆರ್.ಟಿ. ಸಂಸ್ಥೆಯವರು ರಚಿಸಿ, ಕನ್ನಡಕ್ಕೆ ಅನುವಾದಗೊಂಡು ನಮ್ಮ ಶಾಲೆಗಳಿಗೆ ಬಂದ ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಬಲ ಮತ್ತು ಒತ್ತಡ’, ‘ಘರ್ಷಣೆ’ ಎಂಬ ಎರಡು ಪಾಠಗಳಿವೆ. ಗುಣವನ್ನು ಮೊದಲು ಹೇಳುವುದು ನ್ಯಾಯ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತ್ರಾಸಿನಿಂದ ಎಳೆದು ನೋಡುವುದು, ಟಾರ್ಚಿನ ಶೆಲ್ಲನ್ನು ಇಳಿಜಾರಿನಿಂದ ಉರುಳಿಸಿ ಮೇಜು, ಬಟ್ಟೆ, ಮರಳುಗಳ ಮೇಲೆ ಎಷ್ಟೆಷ್ಟು ದೂರ ಹೋಗುವುದೆಂದು ಅಳೆಯುವುದು, ಇವೆಲ್ಲ ಬಾಯಿಪಾಠವನ್ನು ಬಿಡಿಸಿ ಕೈಗೆ ಕೆಲಸ ಕೊಡುವ ಪ್ರಯೋಗಗಳು. ನಮ್ಮ ಬಾಲ್ಯದಲ್ಲಿ ಇಂತಹ ಭಾಗ್ಯವಿರಲಿಲ್ಲ.

ತೊಡಕಿರುವುದು ಶಬ್ದಗಳಲ್ಲಿ. ಶಾಸ್ತ್ರಕ್ಕಾಗಿ ನಾವು ಆರಿಸಿಕೊಂಡ ಸಂಸ್ಕೃತಪದಗಳು ಬರಿದಾದ ಪಾತ್ರೆಗಳಲ್ಲ. ಅವುಗಳಲ್ಲಿ ಹಳೆಯ ಅರ್ಥಗಳು ಮೊದಲೇ ತುಂಬಿಕೊಂಡಿವೆ. ಲೋಕದಲ್ಲಿ ಬಲವೂ ಶಕ್ತಿಯೂ ಒಂದೇ. ಪುಸ್ತಕದಲ್ಲಿ ಬೇರೆ ಬೇರೆ. ಕೋಶಗಳಲ್ಲಿ ಜವ, ವೇಗ ಎಂಬಿವು ಪರ್ಯಾಯಪದಗಳು. ಪುಸ್ತಕದಲ್ಲಿ ದಿಕ್ಕನ್ನೆಣಿಸದೆ ಹೇಳಿದರೆ ಜವ, ದಿಕ್ಕು ಸೇರಿದರೆ ವೇಗ. ಇಂತಹ ವಿಂಗಡಣೆ ತಪ್ಪೆಂದು ನಾನು ಹೇಳುವುದಿಲ್ಲ. ಶಾಸ್ತ್ರವು ಪರಿಭಾಷೆಯಿಲ್ಲದೆ ನಡೆಯದು. ಆದರೆ ಹಳೆಯ ಅರ್ಥವು ಎಲ್ಲಿ ಮುಗಿಯಿತು, ಹೊಸ ಅರ್ಥವು ಎಲ್ಲಿ ಮೊದಲಾಯಿತು ಎಂಬುದನ್ನು ಬಾಲಕನಿಗೆ ಹೇಳುವ ಹೊಣೆ ಪುಸ್ತಕದ್ದು.

ಈ ಹೊಣೆಯನ್ನು ನಿರ್ವಹಿಸದವರಲ್ಲಿ ನಾನೂ ಒಬ್ಬನು. ಹಲವು ವರ್ಷಗಳ ಹಿಂದೆ, ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದ ದಿನ ಅವರ ತರಗತಿಗೆ ಹೋಗಿ, ಬಲವೆಂಬುದು ಚಲನೆಯನ್ನು ಬದಲಿಸುವುದೆಂಬ ವಾಕ್ಯವನ್ನು ಓದಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಮಾಷ್ಟ್ರೇ, ಸಮರಸ್ತೆಯಲ್ಲಿ ಸೈಕಲ್ ಒಂದೇ ಹದದಲ್ಲಿ ಹೋಗುವಾಗ ಬದಲಾವಣೆ ಏನೂ ಇಲ್ಲವಲ್ಲ, ಮತ್ತೆ ತುಳಿಯುವುದು ಯಾಕೆ?” ಎಂದನು. ನನಗೆ ಉತ್ತರ ತೋಚಲಿಲ್ಲ. “ಪುಸ್ತಕದಲ್ಲಿದ್ದುದನ್ನು ಓದು” ಎಂದು ಗದರಿಸಿ ಕುಳ್ಳಿರಿಸಿದೆ. ಅವನು ಮತ್ತೆ ನನ್ನಲ್ಲಿ ಪ್ರಶ್ನೆ ಕೇಳಿದುದು ನೆನಪಿಲ್ಲ.

ನನ್ನ ಬಾಯಿ ಕಟ್ಟಿದುದು ನಾನೋದಿದ ತರ್ಕವೇ. ವೈಶೇಷಿಕರ ಮತದಲ್ಲಿ ವೇಗವು ಸಂಸ್ಕಾರವೆಂಬ ಗುಣದ ಒಂದು ಭೇದ. ಬಿಲ್ಲಿನಿಂದ ಹೊರಟ ಬಾಣದ ಮೊದಲ ಚಲನೆಗೆ ನೋದನವು ಕಾರಣ. ಮುಂದಿನ ಚಲನೆಗಳಿಗೆ ಬಾಣದಲ್ಲಿ ಹುಟ್ಟಿದ ಸಂಸ್ಕಾರವು ಕಾರಣ. ಅದು ಕ್ಷಯಿಸಿದಾಗ ಗುರುತ್ವದಿಂದ ಪತನ. ಸ್ಪರ್ಶವುಳ್ಳ ದ್ರವ್ಯಗಳ ಸಂಯೋಗವು ವೇಗವನ್ನು ಕೆಡಿಸುವುದೆಂದು ಪ್ರಶಸ್ತಪಾದನು ಹೇಳಿರುವುದು ಸೂಕ್ಷ್ಮವಾದ ಅವಲೋಕನವೇ ಸರಿ. ಇದನ್ನು ಹಿಡಿದುಕೊಂಡು ನ್ಯೂಟನ್ನನ ನಿಯಮಗಳೆಲ್ಲ ಕಣಾದನಲ್ಲಿಯೇ ಇವೆಯೆಂದು ಸಭೆಗಳಲ್ಲಿ ಹೇಳುವವರುಂಟು. ನಾನು ಅದನ್ನು ಒಪ್ಪಲಾರೆ. ನಮ್ಮ ಶಾಸ್ತ್ರಕಾರರು ಚಲನೆ ಮುಂದುವರಿಯಲು ಕಾರಣವನ್ನು ಹುಡುಕಿದರು. 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನ್ಯೂಟನ್ನನು, ನೇರದಾರಿಯಲ್ಲಿ ಏಕರೀತಿಯಾಗಿ ಸಾಗುವ ಚಲನೆಗೆ ಕಾರಣವೇ ಬೇಡ, ಬದಲಾವಣೆಗೆ ಮಾತ್ರ ಬೇಕು ಎಂದನು. ಎರಡೂ ಬೇರೆ ಬೇರೆ ದರ್ಶನಗಳು. ಹಿರಿಯರನ್ನು ಗೌರವಿಸುವುದಕ್ಕೆ ಅವರು ಹೇಳದುದನ್ನು ಅವರ ಬಾಯಲ್ಲಿ ಹಾಕಬೇಕಾಗಿಲ್ಲ.

ಆ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರವಿದು: ಅಚ್ಚಿನ ತಿಕ್ಕಾಟ, ಟೈರು ನೆಲದ ಮೇಲೆ ಉರುಳುವಾಗಿನ ತಡೆ, ಎದುರಿನ ಗಾಳಿ, ಇವು ಮೂರೂ ಸೈಕಲನ್ನು ಹಿಂದಕ್ಕೆ ಹಿಡಿಯುತ್ತವೆ. ತುಳಿಯುವುದರಿಂದ ದೊರೆತ ಮುನ್ನೂಕು ಅವುಗಳಿಗೆ ಸರಿಸಮವಾದಾಗ ಒಟ್ಟು ಬಲ ಶೂನ್ಯ. ಆದುದರಿಂದಲೇ ಸೈಕಲ್ ಒಂದೇ ಹದದಲ್ಲಿ ಸಾಗುವುದು. ಆ ಮುನ್ನೂಕನ್ನು ಕೊಡುವುದಾದರೂ ಏನು? ಹಿಂದಿನ ಚಕ್ರವು ನೆಲವನ್ನು ಹಿಂದಕ್ಕೆ ತಳ್ಳುವಾಗ, ಜಾರಗೊಡದೆ ಅದನ್ನು ಮುಂದಕ್ಕೆ ತಳ್ಳುವ ಘರ್ಷಣೆಯೇ!

ಇಲ್ಲಿಗೆ ‘ಘರ್ಷಣೆ’ ಎಂಬ ಶಬ್ದದ ವಿಚಾರ ಬಂದಿತು. ಧಾತ್ವರ್ಥದಲ್ಲಿ ಅದು ಉಜ್ಜುವಿಕೆ, ಗಂಧ ತೇಯ್ದಂತೆ. ವೃತ್ತಪತ್ರಿಕೆಯಲ್ಲಿ ಅದು ಎರಡು ಗುಂಪುಗಳ ಜಗಳ. ಅಚ್ಚಗನ್ನಡದ ‘ತಿಕ್ಕಾಟ’ಕ್ಕೂ ಅದೇ ಗತಿ. ಆದರೆ ಅಡಕೆಯ ಮರದ ನಡುವಿನಲ್ಲಿ, ಕಾಲಿಗೆ ತಳೆ ಹಾಕಿಕೊಂಡು ಅಲುಗದೆ ನಿಂತವನನ್ನು ನೋಡಿರಿ. ಅಲ್ಲಿ ಉಜ್ಜುವಿಕೆಯಿಲ್ಲ, ಜಗಳವೂ ಇಲ್ಲ. ಆದರೂ ಅವನನ್ನು ಬೀಳದಂತೆ ಹಿಡಿದಿರುವುದು ಘರ್ಷಣೆ. ಚಲನೆಯನ್ನು ವಿರೋಧಿಸುವುದೇ ಘರ್ಷಣೆಯೆಂದು ಮಕ್ಕಳು ಉರುಹಾಕುತ್ತಾರೆ. ಕೂಡಿಕೊಂಡಿರುವ ಎರಡು ಮೈಗಳು ಒಂದರ ಮೇಲೊಂದು ಜಾರುವುದನ್ನು ಅದು ವಿರೋಧಿಸುತ್ತದೆ ಎಂದರೆ ಮಾತು ಸರಿಯಾಗುವುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ನಡೆಯಲಾರದೆ ಅಡಕೆಮರದ ಸೀಳುಗಳನ್ನು ಹಾಸಿಕೊಳ್ಳುವ ನಮ್ಮ ಸೀಮೆಯವರಿಗೆ, ಘರ್ಷಣೆಯಿಲ್ಲದೆ ನಡಿಗೆಯೇ ಇಲ್ಲವೆಂಬುದನ್ನು ಬೇರೆಯವರು ಕಲಿಸಬೇಕೆ?

ಮೂಲಪುಸ್ತಕವು ಘರ್ಷಣೆಗೆ ‘ಅನಿವಾರ್ಯವಾದ ಅನಿಷ್ಟ’ ಎಂಬರ್ಥದ ಹೆಸರನ್ನು ಕೊಟ್ಟಿದೆ. ನನಗೆ ಇದು ಸೇರುವುದಿಲ್ಲ. ಇಷ್ಟಾನಿಷ್ಟಗಳು ನಮ್ಮ ಪ್ರಯೋಜನವನ್ನು ನೋಡಿ ನಾವಿಟ್ಟ ಹೆಸರುಗಳು. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಅನೇಕ ಗಾಲಿಗಳ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿಸಿದುದನ್ನು ಹಿರಿಯ ವಾಚಕರು ಕಂಡಿರಬಹುದು. ಅಂತಹ ಏಕಶಿಲೆಯನ್ನು ನೆಲದ ಮೇಲೆ ಎಳೆಯುವುದು ಅಸಾಧ್ಯಪ್ರಾಯ. ಗಾಲಿಯ ಮೇಲಿಟ್ಟರೆ ಜಾರುವಿಕೆಯು ಉರುಳುವಿಕೆಯಾಗಿ ತಡೆ ಬಹಳ ತಗ್ಗುವುದು. ಆದರೆ ಏರಿನಲ್ಲಿ ಎಳೆಯುವ ವಾಹನದ ಗಾಲಿ ಜಾರದಂತೆ ಹಿಡಿಯುವುದೂ, ಇಳಿಜಾರಿನಲ್ಲಿ ಬ್ರೇಕಿನ ಮೂಲಕ ಭಾರವನ್ನು ತಡೆಯುವುದೂ ಘರ್ಷಣೆಯೇ. ಒಂದೇ ಪ್ರಯಾಣದಲ್ಲಿ ಅದನ್ನು ಒಂದು ಕಡೆ ತಗ್ಗಿಸಬೇಕು, ಇನ್ನೊಂದು ಕಡೆ ಉಳಿಸಿಕೊಳ್ಳಬೇಕು. ಇದರಲ್ಲಿ ಅನಿಷ್ಟವಾವುದು?

ಅನುವಾದದ ದೊಡ್ಡ ಕೊರತೆ ಉದಾಹರಣೆಗಳದ್ದು. ಪಾಠವು ಸಿಗ್ನಲಿನಲ್ಲಿ ವಾಹನವನ್ನು ನಿಧಾನಿಸುವ ಚಾಲಕನಿಂದ ಮೊದಲಾಗುತ್ತದೆ. ನಮ್ಮ ಹಳ್ಳಿಯ ಮಗುವಿಗೆ ಸಿಗ್ನಲಿಗಿಂತ ಹತ್ತಿರವಾದುದು ಅಡಕೆಯ ಹಾಳೆ. ಒಬ್ಬನು ಹಾಳೆಯ ಮೇಲೆ ಕುಳಿತು ಇನ್ನೊಬ್ಬನು ಎಳೆಯುವ ಆಟದಲ್ಲಿ ಘರ್ಷಣೆಯ ಶಾಸ್ತ್ರವೆಲ್ಲ ಅಡಗಿದೆ. ಹೊರಡಿಸುವಾಗ ಬೇಕಾದಷ್ಟು ಬಲ ಸಾಗುತ್ತಿರುವಾಗ ಬೇಡ. ಸಮಾನ ತೂಕದ ಇಬ್ಬರು ಕುಳಿತರೆ ಸುಮಾರು ಇಮ್ಮಡಿ ಬಲ ಬೇಕು. ತೂಕವು ಅಷ್ಟೇ ಇದ್ದರೆ ಹಾಳೆಯ ಅಗಲದಿಂದ ಹೆಚ್ಚಿನ ವ್ಯತ್ಯಾಸವಾಗದು. ಈ ಕೊನೆಯ ಎರಡು ಸಂಗತಿಗಳನ್ನೇ ಫ್ರಾನ್ಸಿನ ಅಮೊಂತೊಂ ಎಂಬವನು 1699ರಲ್ಲಿ ನಿಯಮವಾಗಿ ಹೇಳಿದನು.

ಜವದ ಪಾಠಕ್ಕೂ ಬೇರೆ ಊರಿಗೆ ಹೋಗಬೇಕಾಗಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಪತ್ರಿಕೆಗಳು ಇದನ್ನು 100 ಮೀಟರಿಗೆ 9.55 ಸೆಕೆಂಡೆಂದು ಭಾಗಿಸಿ, 2009ರ ಉಸೇನ್ ಬೋಲ್ಟರ 9.58ರೊಡನೆ ಹೋಲಿಸಿದವು. ಸೆಕೆಂಡಿಗೆ ಸುಮಾರು 10.46 ಮೀಟರೆಂಬುದು ಸರಾಸರಿ ಜವ. ನಿಂತಲ್ಲಿಂದ ಹೊರಟವನ ಮೊದಲ ನೂರು ಮೀಟರು ಓಟದ ಉಳಿದ ಭಾಗಕ್ಕಿಂತ ನಿಧಾನವಾಗಿಯೇ ಇರುವುದು. ಅದಲ್ಲದೆ ಓಡುವವನಿಗೆ ಕೋಣಗಳ ಎಳೆತವು ಒದಗಿದ ಬಲ; ಕರೆಯ ಕೆಸರು ತಡೆಯುವ ಬಲ. ಇದನ್ನು ವಿವರಿಸಿದರೆ ಗೌಡರ ಸಾಹಸಕ್ಕೆ ಕುಂದಿಲ್ಲ, ಬಾಲಕರಿಗೆ ವಿವೇಕವುಂಟು.

ಕನ್ನಡಕ್ಕೆ ಈ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿ ದಾರಿ ಕಡಿದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮಕ್ಕಳ ಕೈಯಲ್ಲಿಟ್ಟರು. ನಮ್ಮ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕೃಷ್ಣಭಟ್ಟರು ‘ಬಾಲವಿಜ್ಞಾನ’ದ ಸಂಪಾದಕರಾಗಿ ದುಡಿದರು. ಇವರೆಲ್ಲ ಓದುವವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಬರೆದವರು.

ಪುಸ್ತಕವನ್ನು ಪರಿಷ್ಕರಿಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪ್ರತಿಯೊಂದು ಪಾರಿಭಾಷಿಕ ಪದದೊಡನೆ ಅದರ ಲೋಕರೂಢಿಯ ಅರ್ಥವನ್ನೂ ಹೇಳಿ, ಎರಡಕ್ಕೂ ಇರುವ ಭೇದವನ್ನು ಒಂದು ವಾಕ್ಯದಲ್ಲಿ ತೋರಿಸಲಿ. ಆಯಾ ಸೀಮೆಯ ಉಪಾಧ್ಯಾಯರಿಂದ ಉದಾಹರಣೆಗಳನ್ನು ತರಿಸಿಕೊಳ್ಳಲಿ. ಹಿಂದಿನ ಬೆಂಚಿನ ಹುಡುಗನು ಎದ್ದು ಕೇಳುವ ಪ್ರಶ್ನೆಯನ್ನು ಪುಸ್ತಕವೇ ಮೊದಲು ಕೇಳಿ ಉತ್ತರಿಸಿದರೆ, ನನ್ನಂತಹ ಉಪಾಧ್ಯಾಯನಿಗೆ ಅವನನ್ನು ಗದರಿಸುವ ಪ್ರಸಂಗವೇ ಬಾರದು.