ಜಾಹೀರಾತಿನ ಜಾಹೀರಾತು: ಥಿಂಕ್‌ಬಾಕ್ಸ್ ಸಂಸ್ಥೆಯ ಸ್ತುತಿಯೂ ಸಾಕ್ಷ್ಯವೂ

ಸ್ತುತಿಗೂ ಸಾಕ್ಷ್ಯಕ್ಕೂ ಇರುವ ಭೇದವನ್ನು ಭಾರತೀಯ ಶಾಸ್ತ್ರಕಾರರು ಬಹು ಹಿಂದೆಯೇ ಗುರುತಿಸಿದರು. ಮೀಮಾಂಸಕರ ಮತದಲ್ಲಿ ಅರ್ಥವಾದವೆಂಬುದು ವಿಧಿಯ ಕಡೆಗೆ ಶ್ರೋತೃವಿನ ಮನಸ್ಸನ್ನು ಒಲಿಸುವ ವಾಕ್ಯ; ವಿಧಿಯೊಡನೆ ಕೂಡಿದಾಗಲೇ ಅದಕ್ಕೆ ಸಾರ್ಥಕ್ಯ. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ, ನುಡಿದವನು ಆಪ್ತನಾಗಿರಬೇಕೆಂದು ಕಟ್ಟುಮಾಡಿದರು. ಎಂದರೆ ಅವನು ವಿಷಯವನ್ನು ಬಲ್ಲವನೂ, ಬಲ್ಲಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೂ ಆಗಿರಬೇಕು. ಈ ಎರಡು ಒರೆಗಲ್ಲುಗಳು ವೇದವಾಕ್ಯಕ್ಕೂ ಋಷಿವಾಕ್ಯಕ್ಕೂ ಮಾತ್ರವೇ ಮೀಸಲಾದುವಲ್ಲ. ಮನಸ್ಸನ್ನು ಒಲಿಸಲು ಹೊರಟ ಮಾತೆಲ್ಲವೂ ಇವುಗಳ ಮೇಲೆ ಉಜ್ಜಿ ನೋಡಲು ತಕ್ಕುದೇ. ಅಂಥ ಮಾತುಗಳಲ್ಲಿ ವಿಚಿತ್ರವಾದುದೊಂದು ಬ್ರಿಟನ್ನಿನ ಥಿಂಕ್‌ಬಾಕ್ಸ್ ಸಂಸ್ಥೆಯದು. ಇತರರ ಜಾಹೀರಾತುಗಳು ವಸ್ತುವನ್ನು ಹೊಗಳಿದರೆ, ಈ ಸಂಸ್ಥೆಯದು ಹೊಗಳಿಕೆಯನ್ನೇ ಹೊಗಳುವ ವೃತ್ತಿ.

ಇದರ ಹುಟ್ಟನ್ನು ತಿಳಿಯಲು ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಬ್ರಿಟನ್ನಿನಲ್ಲಿ 1954ರ ಟೆಲಿವಿಷನ್ ಕಾಯಿದೆಯಿಂದ ವಾಣಿಜ್ಯ ಪ್ರಸಾರಕ್ಕೆ ಅವಕಾಶವಾಯಿತು. 1955ರ ಸೆಪ್ಟೆಂಬರ್ 22ರಂದು ಐಟಿವಿ ತನ್ನ ಪ್ರಸಾರವನ್ನು ಆರಂಭಿಸಿದಾಗ ಮೊದಲು ಕಾಣಿಸಿಕೊಂಡ ಜಾಹೀರಾತು ಗಿಬ್ಸ್ ಎಸ್‌ಆರ್ ಎಂಬ ಹಲ್ಲುಪೇಸ್ಟಿನದು. ಮಂಜುಗಡ್ಡೆಯೊಳಗೆ ಹುದುಗಿದ ಪೇಸ್ಟಿನ ಕೊಳವೆಯೇ ಅದರ ಮುಖ್ಯ ಚಿತ್ರ. ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಸ್ಪಷ್ಟವಾಗಿ ತೋರಬೇಕೆಂದು ಆ ಕಾಯಿದೆ ವಿಧಿಸಿತ್ತು. ಕಥೆ ಎಲ್ಲಿ ಮುಗಿಯಿತು, ಹೊಗಳಿಕೆ ಎಲ್ಲಿ ತೊಡಗಿತು ಎಂಬುದು ನೋಟಕನಿಗೆ ತಿಳಿದಿರಬೇಕೆಂಬುದೇ ಅದರ ಆಶಯ. ಪ್ರಸಾರಕ್ಕೆ ಬೇಕಾದ ಹಣವು ಹೊಗಳಿಕೆಯಿಂದಲೇ ಬರುತ್ತಿದ್ದರೂ ಹೊಗಳಿಕೆಯ ಪರವಾಗಿ ವಾದಿಸುವ ಅವಶ್ಯಕತೆ ಆ ಕಾಲದಲ್ಲಿ ಅಷ್ಟಾಗಿ ಇರಲಿಲ್ಲ. ವರ್ತಕನಿಗೆ ನಾಡಿನ ಮನೆಮನೆಯನ್ನೂ ಚಿತ್ರದೊಡನೆ ಹೋಗಿ ಮುಟ್ಟುವ ಬೇರೆ ದಾರಿಯೇ ಇರಲಿಲ್ಲ.

ಅಂತರ್ಜಾಲವು ಬಂದ ಮೇಲೆ ಈ ಸ್ಥಿತಿ ಕದಲಿತು. ವಾಣಿಜ್ಯ ಪ್ರಸಾರಸಂಸ್ಥೆಗಳು, ತಮ್ಮತಮ್ಮಲ್ಲಿ ಸ್ಪರ್ಧಿಗಳಾಗಿದ್ದೂ, 2005ರಲ್ಲಿ ಥಿಂಕ್‌ಬಾಕ್ಸ್ ಸಂಸ್ಥೆಯನ್ನು ಒಟ್ಟುಗೂಡಿ ನಿಲ್ಲಿಸಿದುವು. ಟೆಲಿವಿಷನ್ನಿನಲ್ಲಿ ಜಾಹೀರಾತು ಕೊಡುವುದು ಲಾಭಕರವೆಂದು ವರ್ತಕರನ್ನೂ ಜಾಹೀರಾತು ಸಂಸ್ಥೆಗಳನ್ನೂ ಒಪ್ಪಿಸುವುದೇ ಇದರ ಕೆಲಸ. ಬ್ರಿಟನ್ನಿನ ಅಂತರ್ಜಾಲ ಜಾಹೀರಾತಿನ ವೆಚ್ಚವು ಟೆಲಿವಿಷನ್ನಿನದನ್ನು 2009ರ ಮೊದಲ ಆರು ತಿಂಗಳುಗಳಲ್ಲಿ ಮೀರಿತೆಂಬ ಲೆಕ್ಕ ಪ್ರಕಟವಾದಾಗ, ಹುಡುಕಾಟದ ಫಲಿತಗಳು, ವರ್ಗೀಕೃತ ಪ್ರಕಟನೆಗಳು, ಚಿತ್ರಫಲಕಗಳು ಮುಂತಾದುವನ್ನೆಲ್ಲ ಒಂದೇ ರಾಶಿಗೆ ಸೇರಿಸಿ ತೂಗುವುದು ಸರಿಯಲ್ಲವೆಂದು ಸಂಸ್ಥೆ ಆಕ್ಷೇಪಿಸಿತು. ಈ ಆಕ್ಷೇಪದಲ್ಲಿ ಸ್ವಹಿತವಿದ್ದುದು ನಿಜ, ತರ್ಕವೂ ಇದ್ದಿತು. ಹೆಸರಿನಲ್ಲಿಯೂ ವಾದವೊಂದು ಅಡಗಿದೆ. ಟೆಲಿವಿಷನ್ನನ್ನು ಮೂಢರ ಪೆಟ್ಟಿಗೆಯೆಂದು ಇಂಗ್ಲಿಷರು ಬಹುಕಾಲದಿಂದ ಹಳಿದರು. ಸಂಸ್ಥೆಯ ಹೆಸರು ಅದೇ ಪೆಟ್ಟಿಗೆಗೆ ಆಲೋಚನೆಯನ್ನು ಅಂಟಿಸಿ ನಿಂದೆಯನ್ನು ಬಿರುದಾಗಿ ಮಾರ್ಪಡಿಸಿದೆ.

ಈ ಸಂಸ್ಥೆಯ ವಾಙ್ಮಯವು ಎರಡು ಬಗೆಯದು: ಚಿತ್ರಗಳು ಒಂದು, ವರದಿಗಳು ಮತ್ತೊಂದು. ಚಿತ್ರಗಳಲ್ಲಿ ಪ್ರಸಿದ್ಧವಾದುದು 2010ರಲ್ಲಿ ರೆಡ್ ಬ್ರಿಕ್ ರೋಡ್ ಎಂಬ ಜಾಹೀರಾತು ಸಂಸ್ಥೆ ರಚಿಸಿದ ಹಾರ್ವಿ ಎಂಬ ನಾಯಿಯ ಕಥೆ. ಅನಾಥ ನಾಯಿಗಳ ಆಶ್ರಯಕ್ಕೆ ದಂಪತಿಗಳಿಬ್ಬರು ಬರುತ್ತಾರೆ. ಹಾರ್ವಿ ತನ್ನನ್ನು ಕುರಿತ ಒಂದು ಜಾಹೀರಾತನ್ನು ತಾನೇ ಅವರಿಗೆ ತೋರಿಸುತ್ತದೆ. ಅದರಲ್ಲಿ ಈ ನಾಯಿ ನುರಿತ ಗೃಹಸ್ಥನಂತೆ ಒಂದೊಂದಾಗಿ ಮನೆಗೆಲಸಗಳನ್ನು ನಿರ್ವಹಿಸುತ್ತದೆ. ದಂಪತಿಗಳು ಹಾರ್ವಿಯನ್ನೇ ಆರಿಸಿಕೊಳ್ಳುತ್ತಾರೆ. ಇಷ್ಟೇ ಕಥೆ.

ಕಥೆ ಚಿಕ್ಕದಾದರೂ ಅದರ ಕಟ್ಟಡ ಚಮತ್ಕಾರವಾದುದು. ಜಾಹೀರಾತಿನೊಳಗೆ ಜಾಹೀರಾತು, ನೋಟಕರೊಳಗೆ ನೋಟಕರು. ‘ಟೆಲಿವಿಷನ್ ಮನಸ್ಸನ್ನು ಒಲಿಸುತ್ತದೆ’ ಎಂಬ ಪ್ರತಿಜ್ಞೆಯನ್ನು ವಾಚ್ಯವಾಗಿ ಸ್ಥಾಪಿಸುವ ಬದಲು, ಒಲಿದ ದಂಪತಿಗಳನ್ನು ತೋರಿಸಿ, ಅದೇ ಕ್ಷಣದಲ್ಲಿ ಹೊರಗಿನ ನೋಟಕನನ್ನೂ ಒಲಿಸಿ, ಚಿತ್ರವು ತಾನೇ ತನ್ನ ವಾದಕ್ಕೆ ದೃಷ್ಟಾಂತವಾಗುತ್ತದೆ. ಇದು ಧ್ವನಿಮಾರ್ಗ. ಇನ್ನೊಂದು ಸಂಗತಿ ಹೆಚ್ಚು ವಿಚಾರಾರ್ಹವಾದುದು. ನಾಯಿ ಮನೆಗೆಲಸವನ್ನು ಮಾಡಲಾರದೆಂಬುದನ್ನು ದಂಪತಿಗಳೂ ಬಲ್ಲರು, ನೋಟಕನೂ ಬಲ್ಲನು. ಆದುದರಿಂದ ಅವರು ಹಾರ್ವಿಯನ್ನು ಆರಿಸಿದ್ದು ಅದರ ಗುಣಕಥನವನ್ನು ನಂಬಿದುದರಿಂದ ಅಲ್ಲ; ಕಥನದಿಂದ ಹುಟ್ಟಿದ ಪ್ರೀತಿಯಿಂದ. ಅತಿಶಯೋಕ್ತಿಯು ಯಾರನ್ನೂ ವಂಚಿಸದೆ ತನ್ನ ಕೆಲಸವನ್ನು ಮಾಡಿ ಮುಗಿಸಿತು. ಜಾಹೀರಾತು ಬುದ್ಧಿಗೆ ಪ್ರಮಾಣವನ್ನು ಒದಗಿಸುವುದಿಲ್ಲ, ಭಾವವನ್ನು ಎಬ್ಬಿಸುತ್ತದೆ ಎಂಬ ತತ್ತ್ವವನ್ನು ಇಷ್ಟು ಪ್ರಾಂಜಲವಾಗಿ ಒಪ್ಪಿಕೊಂಡ ವ್ಯಾಪಾರಕೃತಿ ವಿರಳ.

ಆದರೆ ಈ ಕೃತಿಯಲ್ಲಿ ಒಂದು ಮೌನವಿದೆ. ಅದೇ ಆಶ್ರಯದಲ್ಲಿರುವ ಉಳಿದ ನಾಯಿಗಳ ಗತಿಯೇನು? ಅವುಗಳ ಗುಣ ಹಾರ್ವಿಯದಕ್ಕಿಂತ ಕಡಿಮೆಯೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಅವುಗಳಿಗೆ ತೋರಿಸಲು ಚಿತ್ರವಿಲ್ಲ, ಅಷ್ಟೆ. ಚಿತ್ರವುಳ್ಳವನಿಗೆ ಮನೆ, ಇಲ್ಲದವನಿಗೆ ಸೆರೆ ಎಂಬ ಕಠಿನವಾದ ಅರ್ಥವು ನಗೆಯ ಕೆಳಗೆ ಹರಿದಿದೆ. ವರ್ತಕನನ್ನು ಹೆದರಿಸುವುದಕ್ಕೆ ಈ ಅರ್ಥವೇ ಬೇಕಾದುದು. ಸಹೃದಯನನ್ನು ತಡೆದು ನಿಲ್ಲಿಸುವುದೂ ಇದೇ.

ಸ್ತುತಿಯಿಂದ ಹುಟ್ಟಿದ ಕೃತಿ ಸ್ತುತಿಯನ್ನು ಮೀರಬಲ್ಲುದೆ ಎಂಬ ಪ್ರಶ್ನೆ ಕನ್ನಡ ವಿಮರ್ಶೆಗೆ ಹೊಸದಲ್ಲ. ಸುಮಾರು 941ರಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಮಾಡಿ ಹೊಗಳಿದನು. ಆದರೂ ಅದು ಆಸ್ಥಾನದ ಬಿರುದಾವಳಿಯಾಗಿ ನಿಲ್ಲಲಿಲ್ಲ. ಅರ್ಜುನನ ಎದುರಾಳಿಯಾದ ಕರ್ಣನ ಸತ್ಯವನ್ನೂ ತ್ಯಾಗವನ್ನೂ ಕವಿ ತುಂಬಿದ ಮನಸ್ಸಿನಿಂದ ಎತ್ತಿಹಿಡಿದನು. ಪ್ರತಿಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದವನ ಹೊಗಳಿಕೆಗೆ ಮಾತ್ರ ಬೆಲೆಯುಂಟು. ಹಾರ್ವಿಯ ಕಥೆಯಲ್ಲಿ ಕರ್ಣನಿಲ್ಲ. ಚಿಕ್ಕ ಚಿತ್ರದಿಂದ ಮಹಾಕಾವ್ಯವನ್ನು ಬಯಸುವುದು ಅನ್ಯಾಯವಾದೀತು. ಆದರೆ ಅಳತೆಗೋಲನ್ನು ಮರೆಯುವುದೂ ಯುಕ್ತವಲ್ಲ.

ವಿಚಿತ್ರವೆಂದರೆ, ಚಿತ್ರದಲ್ಲಿ ಕಾಣದ ಈ ಔದಾರ್ಯದ ಅಂಶವೊಂದು ವರದಿಗಳಲ್ಲಿ ಕಾಣುತ್ತದೆ. ಸಂಸ್ಥೆಯ ಆಶ್ರಯದಲ್ಲಿ ಎಬಿಕ್ವಿಟಿ, ಗೇನ್ ಥಿಯರಿ ಎಂಬ ಗಣನಸಂಸ್ಥೆಗಳು ಸಿದ್ಧಪಡಿಸಿದ ‘ಪ್ರಾಫಿಟ್ ಎಬಿಲಿಟಿ’ ಎಂಬ ವರದಿ 2017ರಲ್ಲಿ ಹೊರಬಂದಿತು. ಜಾಹೀರಾತಿನಿಂದ ಬಂದ ಒಟ್ಟು ಲಾಭದಲ್ಲಿ ಶೇಕಡ 71 ಭಾಗ ಟೆಲಿವಿಷನ್ನಿನದೆಂದೂ, ಅದರಲ್ಲಿ ವೆಚ್ಚಮಾಡಿದ ಒಂದು ಪೌಂಡಿಗೆ ಮೂರು ವರ್ಷಗಳಲ್ಲಿ 4.20 ಪೌಂಡುಗಳ ಲಾಭ ಬರುವುದೆಂದೂ ಅದು ಸಾರಿತು. 2024ರಲ್ಲಿ ಬಂದ ಎರಡನೆಯ ವರದಿಯಲ್ಲಿ ಟೆಲಿವಿಷನ್ನಿನ ಪಾಲು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಎರಡು ಗಣನೆಗಳ ಸಾಮಗ್ರಿ ಬೇರೆಯಾದುದರಿಂದ ಅವನ್ನು ನೇರವಾಗಿ ಹೋಲಿಸಲಾಗದು. ಆದರೂ ಅಂತರ್ಜಾಲ, ಮುದ್ರಣ, ರೇಡಿಯೊ ಮುಂತಾದ ಪ್ರತಿಪಕ್ಷಗಳ ಫಲವನ್ನೂ ಲೆಕ್ಕಕ್ಕೆ ತಂದಿರುವುದೂ, ಮೊದಲಿನದಕ್ಕಿಂತ ಕಡಿಮೆಯಾದ ಅಂಕಿಯನ್ನು ಮುಚ್ಚಿಡದಿರುವುದೂ ಗಮನಾರ್ಹ. ಪೂರ್ವಪಕ್ಷವನ್ನು ಸ್ವಲ್ಪಮಟ್ಟಿಗಾದರೂ ಮಂಡಿಸಿಯೇ ಸಿದ್ಧಾಂತಕ್ಕೆ ಹೋಗುವ ಮರ್ಯಾದೆ ಇದು.

ಹಾಗಾದರೆ ಈ ಮಾತು ಆಪ್ತವಾಕ್ಯವಾಯಿತೆ? ಪೂರ್ಣವಾಗಿ ಆಗಲಿಲ್ಲ. ಗಣಿಸಿದವರು ಹೊರಗಿನವರಾದರೂ ಪ್ರಶ್ನೆಯನ್ನು ಕೇಳಿದವರು, ಉತ್ತರಕ್ಕೆ ಹಣ ತೆತ್ತವರು, ಅದನ್ನು ಸಾರಿದವರು ಪ್ರಸಾರಸಂಸ್ಥೆಗಳ ಪಕ್ಷದವರೇ. ಅಂಕಿ ಸುಳ್ಳಲ್ಲದಿದ್ದರೂ ಯಾವ ಅಂಕಿಯನ್ನು ಅರಸಬೇಕೆಂಬ ಆಯ್ಕೆಯಲ್ಲಿಯೇ ಪಕ್ಷಪಾತ ನುಸುಳಬಹುದು. ಆದಕಾರಣ ವರದಿಯನ್ನು ಅರ್ಥವಾದವೆಂದು ತಳ್ಳಿಬಿಡುವುದೂ ತಪ್ಪು, ಪ್ರಮಾಣವೆಂದು ತಲೆಯ ಮೇಲೆ ಹೊರುವುದೂ ತಪ್ಪು. ಅದು ಸಾಕ್ಷ್ಯ, ಆದರೆ ಪಕ್ಷಗಾರನು ಕರೆತಂದ ಸಾಕ್ಷ್ಯ. ನ್ಯಾಯಸ್ಥಾನದಲ್ಲಿ ಅಂಥ ಸಾಕ್ಷ್ಯವನ್ನು ಕೇಳುವುದೂ ಉಂಟು, ಪಾಟೀಸವಾಲಿಗೆ ಒಡ್ಡುವುದೂ ಉಂಟು.

ಒಟ್ಟಿನಲ್ಲಿ ಒಂದೇ ಬಾಯಿಂದ ಎರಡು ಸಿದ್ಧಾಂತಗಳು ಹೊರಟಿವೆ. ಮನುಷ್ಯನು ಲೆಕ್ಕದಿಂದಲ್ಲ, ಪ್ರೀತಿಯಿಂದ ಆರಿಸುತ್ತಾನೆ ಎನ್ನುತ್ತದೆ ಚಿತ್ರ. ಲೆಕ್ಕವನ್ನು ನೋಡಿ ಆರಿಸು ಎಂದು ವರ್ತಕನಿಗೆ ಬೋಧಿಸುತ್ತದೆ ವರದಿ. ಆದರೆ ಹಾರ್ವಿಯ ಚಿತ್ರವೂ ವರ್ತಕನಿಗಾಗಿಯೇ ಮಾಡಿದುದು. ಕೊಳ್ಳುವವರ ಹೃದಯವನ್ನು ಹೇಗೆ ಗೆಲ್ಲಬಹುದೆಂದು ಅವನಿಗೆ ತೋರಿಸುತ್ತ ಅವನ ಹೃದಯವನ್ನೇ ಗೆದ್ದುಕೊಳ್ಳುವ ಉಪಾಯ ಅದು. ಹೊಗಳಿಕೆಯನ್ನು ಮಾರುವವನು ಹೊಗಳಿಕೆಯನ್ನು ಕೊಳ್ಳುವವನನ್ನೂ ಹೊಗಳಿಕೆಯಿಂದಲೇ ಹಿಡಿಯುತ್ತಾನೆ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಮಾತುಗಳು ಹೊರಗಿನವಲ್ಲ. ವಕ್ರೋಕ್ತಿ, ಅತಿಶಯೋಕ್ತಿ, ಧ್ವನಿ ಇವುಗಳನ್ನು ಇಂದಿನ ವಿದ್ಯಾರ್ಥಿ ಕಾವ್ಯದಲ್ಲಿ ಕಾಣುವುದಕ್ಕಿಂತ ಮುಂಚೆ ಮನೆಯ ಪರದೆಯ ಮೇಲೆ ಕಂಡಿರುತ್ತಾನೆ. ಅಲಂಕಾರವನ್ನು ಗುರುತಿಸಲು ಕಲಿಸಿದರೆ ಅವನ ವಿದ್ಯೆ ಅರ್ಧವಾಯಿತು. ಅಲಂಕಾರದ ಹಿಂದೆ ನಿಂತವನಾರು, ಅವನು ಎದುರಾಳಿಗೆ ಸಲ್ಲಿಸಿದ್ದೆಷ್ಟು ಎಂದು ಕೇಳುವ ಅಭ್ಯಾಸವು ಬೆಳೆದಾಗಲೇ ಉಳಿದ ಅರ್ಧವು ತುಂಬುತ್ತದೆ.